ಹೆಬ್ಬೆರಳ ಲೆಕ್ಕ

ಮೇಲ್ದುಟಿ ಎತ್ತಿ ಒಸಡಿಗೆ ಹೆಬ್ಬೆರಳೊತ್ತಿದೆ.
ಬೆಳ್ಳಗಾಯಿತು.
ತೆಗೆದೆ. ಎಣಿಸಿದೆ.
ಒಂದು.
ಸುಖವಾಗಿರುವ ಕುದುರೆಯಾದರೆ
ಇಷ್ಟರಲ್ಲಿ ಕೆಂಪು ಮನೆಗೆ ಮರಳಿರಬೇಕು.
ಎರಡು.
ಮೂರು.
ನಾಲ್ಕಕ್ಕೆ ಬಂತು, ಬಂದದ್ದೂ ಕೆಂಪಲ್ಲ,
ಬೀಟ್‌ರೂಟ್ ಹೆಚ್ಚಿಟ್ಟ ಹಲಗೆಯ ಬಣ್ಣ,
ಹಲ್ಲಿನ ಬುಡದಲ್ಲಿ ಶಾಯಿಯ ಗೀಟು ಬೇರೆ.

ಸೋನ್‌ಕುಲ್ ಸರೋವರದ ಮೇಲುಗಾವಲು.
ತೊಕ್ತೊಸುನ್ ಅಜ್ಜ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.
ಪಂದ್ಯದ ಗಂಡುಕುದುರೆಗೆಂದು ತಂದಿಟ್ಟ ಬಾರ್ಲಿ,
ಗುಡಾರದ ಹಗ್ಗ ಕಟ್ಟಿದವನು ಮೊಮ್ಮಗ ಎಲ್ದಿಯಾರ್,
ಕಟ್ಟಿದ್ದು ಅಂದರೆ, ಸುತ್ತಿದ್ದು.
ಬೆಳಗಾಗುವಾಗ ಒಂದು ಚೀಲ ಖಾಲಿ.
ಜೀರ್ದೆ ಮರಿಯನ್ನು ಹತ್ತಿರ ಸೇರಿಸದೆ
ತನ್ನ ಹೊಟ್ಟೆಯನ್ನೇ ತಿರುತಿರುಗಿ ನೋಡುತ್ತಿದ್ದಳು,
ಅಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ.

"ಯಾರು ವಿಷ ಹಾಕಿದರು?" ಎಂದ ಅಜ್ಜ.
ಆಚೆ ಕಣಿವೆಯ ಒಬ್ಬನ ಹೆಸರು
ಅವನ ನಾಲಿಗೆ ತುದಿಯಲ್ಲೇ ಇತ್ತು,
ಹೋದ ವರ್ಷದ ಹುಲ್ಲಿನ ಜಗಳ.

ಹೇಗೆ ಹೇಳಲಿ ಅಜ್ಜ,
ಇವಳ ಕರುಳಲ್ಲಿ ಹುಟ್ಟಿದಂದಿನಿಂದ
ಬಾಡಿಗೆಗಿದ್ದ ಜೀವಗಳು ಅವು.
ಹುಲ್ಲು ಬಂದರೆ ಹುಲ್ಲು ಅರೆದು
ಚಳಿಗಾಲದಲ್ಲಿ ಒಳಗೊಂದು ಒಲೆ ಹಚ್ಚಿಟ್ಟು
ಸದ್ದಿಲ್ಲದೆ ಬಾಳಿದವು.
ಒಂದೇ ರಾತ್ರಿ ತಲೆಯ ಮೇಲೆ ಬಾರ್ಲಿಯ ಹಿಮಕುಸಿತ.
ಹುಳಿಯೇರಿ ಕೋಟಿಗಟ್ಟಲೆ ಸತ್ತವು.
ಸತ್ತವು ಕಳಚಿದ ಅಂಗಿಗಳು
ಬಿರಿದ ಕರುಳಗೋಡೆಯಲ್ಲಿ ನುಸುಳಿ
ನೆತ್ತರಿಗೆ ಬಿದ್ದಿವೆ.
ಅಂಗಿ ಅಷ್ಟೇ. ಒಳಗೆ ಯಾರೂ ಇಲ್ಲ.

ನೆತ್ತರಿನ ಕಾವಲುಗಾರರಿಗೆ ಅದು ತಿಳಿಯದು.
ಒಂದು ಖಾಲಿ ತೋಳು ಕಂಡರೆ ಸಾಕು,
ದಂಡೇ ಬಂತೆಂದು ಊರೆಲ್ಲ ಡಂಗುರ.
ನಾಳಗಳು ಗಾಬರಿಯಲ್ಲಿ ಅಗಲವಾಗುತ್ತವೆ, ದಂಡೆ ಸೋರುತ್ತದೆ,
ಕಾಲುವೆ ತುಂಬ ನೀರು,
ಕೊನೆಯ ಹೊಲಕ್ಕೆ ಮಾತ್ರ ಇಲ್ಲ.
ಕಿವಿ ತಣ್ಣಗೆ. ಮೂಗಿನ ತುದಿ ತಣ್ಣಗೆ.
ಹೃದಯ ನಿಮಿಷಕ್ಕೆ ತೊಂಬತ್ತು ಸಲ
ನಿಂತ ಕುದುರೆಯೊಳಗೆ ಓಡುವ ಕುದುರೆ.

ಇಷ್ಟೆಲ್ಲ ಹೇಳಲಿಲ್ಲ.
"ಯಾರೂ ಹಾಕಿಲ್ಲ" ಎಂದೆ. "ಈ ಕೊಳವೆ ಹಿಡಿ."

ಮೂಗಿನಿಂದ ಹೊಟ್ಟೆಗೆ ಎಣ್ಣೆ ಇಳಿಸಿದೆ,
ಕತ್ತಿನ ನಾಳಕ್ಕೆ ಉಪ್ಪುನೀರು,
ಜೀಪಿನಲ್ಲಿದ್ದ ಹದಿನಾಲ್ಕು ಚೀಲವೂ.
ಗೊರಸಿನ ಮೇಲಿನ ಸಂದಿಗೆ ಎರಡು ಬೆರಳಿಟ್ಟರೆ
ನಾಡಿ, ಅಗುಳಿ ಹಾಕಿದ ಬಾಗಿಲನ್ನು
ಗುದ್ದಿದ ಹಾಗೆ.
ಬೆಂಕಿ ಕಾಲಿಗಿಳಿಯುತ್ತಿದೆ.
ಉಗುರು ಮೂಳೆಯಿಂದ ಬಿಟ್ಟರೆ
ಬದುಕಿಯೂ ಕುದುರೆ ನಿಲ್ಲಲಾರಳು.
"ತೊರೆಗೆ" ಎಂದೆ.

ಹಿಮ ಕರಗಿ ಬರುವ ತೊರೆ. ಮೊಣಕಾಲುದ್ದ.
ಹಗ್ಗ ಹಿಡಿದು ಎಲ್ದಿಯಾರ್ ಅವಳೊಡನೆ ಇಳಿದ,
ಹತ್ತು ವರ್ಷದ ಹುಡುಗ, ಅಪ್ಪನ ಬೂಟು.
ದಡದಿಂದ ಹಿಡಿದರೂ ಸಾಕು ಎಂದೆ.
ಕೇಳಿಸಲಿಲ್ಲ ಅವನಿಗೆ, ಅಥವಾ ಕೇಳಿಸಿತು.
ಅಜ್ಜ ಹಗ್ಗದ ಗಂಟನ್ನು ನೋಡಿದ,
ಹುಡುಗನನ್ನು ನೋಡಿದ,
ಟೋಪಿ ಹಾಕಿಕೊಂಡ.
ಆಚೆ ಕಣಿವೆಯವನ ಹೆಸರು ಮತ್ತೆ ಬರಲಿಲ್ಲ.

ಬುರುಲ್ಚಾ ಅಜ್ಜಿ ಕೆಚ್ಚಲು ಹಿಂಡಿ
ಔಷಧಿ ಬೆರೆತ ಹಾಲನ್ನು ಹುಲ್ಲಿಗೆ ಸುರಿದಳು.
ಮರಿ ಅದನ್ನು ಮೂಸಿ ನೋಡಿ ಅತ್ತಿತು.
ಕುಮಿಸ್ ಚೀಲವನ್ನು ಆ ರಾತ್ರಿ ಯಾರೂ ಕಡೆಯಲಿಲ್ಲ.

ಮೂರು ಗಂಟೆಗೆ ಹುಡುಗನನ್ನು ಎಳೆದು ಮೇಲೆ ತಂದೆವು.
ಲಾಂದ್ರದಲ್ಲಿ ತುಟಿ ನೀಲಿ.
ಉಗುರು ಒತ್ತಿದೆ: ಬಿಳಿ. ಬಿಟ್ಟೆ.
ಒಂದು, ಎರಡು, ಬಂತು ಕೆಂಪು.
ಅವನು ಕೈ ಕೊಸರಿಕೊಂಡು ಕೇಳಿದ,
"ನನ್ನದು ಬಿಡಿ. ಅವಳದು?"

ಮತ್ತೆ ನೀರಿಗಿಳಿದೆ. ದುಟಿ ಎತ್ತಿದೆ.
ಈ ಸಲ ದಡದ ಮೇಲಿನಿಂದ ಅವನೇ ಎಣಿಸಿದ,
ಹಲ್ಲು ಕಟಕಟಿಸುತ್ತ, ತೀರಾ ನಿಧಾನವಾಗಿ,
ಒಂದೊಂದು ಅಂಕಿಗೂ ಹೆಚ್ಚು ಹೊತ್ತು ಕೊಟ್ಟು,
ಅವಳು ತಲುಪಲಿ ಎಂದು.