ಐದು ದಿನ, ಎರಡು ದಿನ

ಬೀಜವೆಂದರೆ ಬೀಜವಲ್ಲ, ನಶ್ಯದ ಪುಡಿ.
ಊಟಿಯಿಂದ ಕ್ಲೊಟಿಲ್ಡಾ ಕಳಿಸಿದ ಲಕೋಟೆಯ ಮೇಲೆ
ಅವಳದೇ ಕೈಬರಹ: ಮಣ್ಣು ಮುಚ್ಚಬೇಡ,
ಇದಕ್ಕೆ ಬೆಳಕು ಬೇಕು. ಬಿಡಿಸುವಾಗ ಕೆಮ್ಮಬೇಡ.

ಫಾಕ್ಸ್‌ಗ್ಲೋವ್. ನರಿಯ ಕೈಗವಸು.
ಕಂಕನಾಡಿಯ ಔಷಧಿ ಕಿಂಡಿಯೊಳಗೆ ಮೂವತ್ತೊಂದು ವರ್ಷ
ಇದರ ದಾಯಾದಿಯನ್ನೇ ಎಣಿಸಿ ಕೊಟ್ಟವಳು ನಾನು,
ಕಾಲು ಮಿಲಿಗ್ರಾಮಿನ ಬಿಳಿ ಮಾತ್ರೆಯಾಗಿ,
ಹೂವಿನ ಬಣ್ಣ ಏನೆಂದು ಒಮ್ಮೆಯೂ ಕೇಳದೆ.

ಐದು ದಿನ ತಿನ್ನಿ, ಎರಡು ದಿನ ಬಿಡಿ.
ಶನಿವಾರ ಬೇಡ, ಆದಿತ್ಯವಾರ ಬೇಡ.
ಎಷ್ಟು ಸಾವಿರ ಸಲ ಹೇಳಿದ್ದೇನೋ.
ಬೆಂಗ್ರೆಯ ಮೊಯ್ದಿನಬ್ಬ ಒಬ್ಬರೇ ತಿರುಗಿ ಕೇಳಿದ್ದು:
"ಆ ಎರಡು ದಿನ ಇದನ್ನು ನಡೆಸುವುದು ಯಾರು ಬಾಯಮ್ಮಾ?"
ಎದೆಗೆ ಬೆರಳು ಕುಟ್ಟಿ, ಬೋಟಿನ ಇಂಜಿನ್ ತೋರಿಸುವ ಹಾಗೆ.
ಹಿಂದೆ ಸಾಲಿನಲ್ಲಿ ಹನ್ನೆರಡು ಜನ.
ನಾನೆಂದೆ, ಮುಂದೆ ಹೋಗಿ.

ಮೂರು ವಾರ ಬೀಜ ಫ್ರಿಜ್ಜಿನಲ್ಲಿತ್ತು
ಬಂಗುಡೆಯ ಡಬ್ಬಿಯ ಪಕ್ಕ;
ಚಳಿಗಾಲ ಬಂತೆಂದು ಅದಕ್ಕೊಂದು ಸುಳ್ಳು.
ಸತ್ತವರ ಗೋರಿಗೆ ಮೇಣ ಹಚ್ಚಿ ಬಂದ ಮರುದಿನ
ಟ್ರೇಯಲ್ಲಿ ಉದುರಿಸಿದೆ.
ಮೊಳಕೆ ಬಂತು, ಹದಿನಾಲ್ಕು.
ಎಲೆ ಬಂತು, ಬೆಕ್ಕಿನ ಕಿವಿಯಷ್ಟು, ಅಷ್ಟೇ ತುಪ್ಪಳ.
ಗೋಡೆಯಾಚೆಯಿಂದ ಜಲಜಕ್ಕ:
"ಎಂಥ ಸೊಪ್ಪು ಅದು? ತಂಬುಳಿಗೆ ಆಗ್ತದಾ?"
ಕೂಗಿಯೇಬಿಟ್ಟೆ. ಆಮೇಲೆ ನಾಚಿಕೆಯಾಗಿ
ಹಲಗೆ ತುಂಡೊಂದಕ್ಕೆ ಕೆಂಪು ಪೈಂಟಿನಲ್ಲಿ
ವಿಷ ಎಂದು ಬರೆದು ನೆಟ್ಟೆ.

ಹೂವು ಎರಡನೇ ವರ್ಷಕ್ಕೆ ಎಂದಿದ್ದಳು ಕ್ಲೊಟಿಲ್ಡಾ.
ಬಿಕರ್ನಕಟ್ಟೆಯ ಮುರಕಲ್ಲು ಅಷ್ಟು ಕಾಯುವ ಪೈಕಿಯಲ್ಲ.
ಮಾರ್ಚಿನಲ್ಲಿ ಮಣ್ಣಿಗೇ ಜ್ವರ.
ಗೋಣಿ ಕಟ್ಟಿದೆ. ಬುಡದ ಸುತ್ತ ಐಸ್ ಇಟ್ಟೆ.
ರಾತ್ರಿ ಎದ್ದು ಟಾರ್ಚ್ ಹಾಕಿ ನೋಡಿದೆ.
ನಾಡಿ ಹಿಡಿಯಲು ಗಿಡಕ್ಕೆ ಮಣಿಕಟ್ಟಿಲ್ಲ.
ಹದಿನಾಲ್ಕು ಒಂಬತ್ತಾಯಿತು, ಒಂಬತ್ತು ಎರಡು,
ಮೇ ಹದಿನೇಳಕ್ಕೆ ಒಂದು; ಅದೂ
ಬೆಂದ ಬಸಳೆಯ ಹಾಗೆ ಮಲಗಿಬಿಟ್ಟಿತು.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಉಸಿರು ಬಿಟ್ಟಾಗ
ಗೋಡೆಯ ಹೊರಗೆ, ಯಾರೋ ಬಿಟ್ಟುಹೋದ ಜಲ್ಲಿ ರಾಶಿಯ ಮೇಲೆ
ಸೊಂಟದೆತ್ತರದ ಗಿಡ. ತಲೆ ಬಾಗಿಸಿದ ನಸುನೇರಳೆ ಗಂಟೆಗಳು.
ಬೆರಳು ತೂರಿದೆ: ಒಳಗೆ ಮೆದು ರೋಮ, ನೇರಳೆ ಗೆರೆ,
ತುಂಬ ಸಣ್ಣದೊಂದು ಜೇನುನೊಣ, ಅದಕ್ಕೆ ನನ್ನ ಮೇಲೆ ಸಿಟ್ಟು.
ಎದೆ ತಾಳ ತಪ್ಪಿತು.
ಫೋಟೋ ಕಳಿಸಿದೆ. ಕ್ಲೊಟಿಲ್ಡಾ ಫೋನಿನಲ್ಲಿ ನಕ್ಕೂ ನಕ್ಕೂ:
"ಎಲೆ ನೋಡೇ ಮಾರಾಯ್ತಿ. ಅದು ಕಾಡೆಳ್ಳು."

ಜಲಜಕ್ಕನಿಗೆ ಮೊದಲೇ ಗೊತ್ತಿತ್ತಂತೆ.
"ಪ್ರತಿ ವರ್ಷ ಅಲ್ಲೇ ಬರ್ತದಲ್ಲ, ನೀವು ನೋಡ್ಲಿಲ್ವಾ?"
ನೋಡಲಿಲ್ಲ.

ಇವತ್ತು ಶನಿವಾರ. ನನ್ನ ಮಾತ್ರೆ ಡಬ್ಬಿಯಲ್ಲೂ ಈಗ
ಕೊನೆಯ ಎರಡು ಮನೆ ಖಾಲಿ.
ಮೆಟ್ಟಿಲಲ್ಲಿ ಕೂತು ಮಣಿಕಟ್ಟಿಗೆ ಬೆರಳಿಟ್ಟೆ.
ನಡೀತಾ ಉಂಟು ಮೊಯ್ದಿನಬ್ಬಾ,
ಯಾರು ಅಂತ ನಾನೂ ಕೇಳಿಲ್ಲ.

ಹಲಗೆ ಮಾತ್ರ ಇನ್ನೂ ಖಾಲಿ ಮಣ್ಣಿನಲ್ಲಿ ನಿಂತಿದೆ.
ಬೆಕ್ಕು ಬಂದು ವಿಷಕ್ಕೆ ಬೆನ್ನು ಉಜ್ಜಿ ಹೋಗುತ್ತದೆ.