ಸುಣ್ಣದ ಸೊನ್ನಿ

ಬಲಕ್ಕ ಹೋಗೋ ಕನ್ನಡ, ಎಡಕ್ಕ ಬರೋ ಉರ್ದು,
ಎರಡೂ ಬರೀತಿತ್ತು ಈ ಕೈ.
ಗಂಜಿನ ಅಡತಿ ಅಂಗಡಿ, ಹಲ್ಲಿನ ದವಾಖಾನಿ,
ಸಾಲಿ ಗ್ವಾಡಿ ಮ್ಯಾಲ ಅ ಆ ಇ ಈ.
ಆ ಮಾರ್ಚಿನಾಗ ಕಾರ್ಪೊರೇಶನ್ ದಫೇದಾರ ಬಂದು ಅಂದ:
ಪೇಂಟರ್ ಮಾಣಿಕ, ಅಕ್ಷರ ಬ್ಯಾಡ,
ಬರೀ ಸೊನ್ನಿ ಬರಿ.

ರೇಷನ್ ಅಂಗಡಿ ಮುಂದ, ಶಹಾಬಾದ ಫರಸಿ ಮ್ಯಾಲ,
ಒಂದಕ್ಕೊಂದು ಆರು ಫೂಟ ದೂರ.
ಟೇಪು ಇರಲಿಲ್ಲ. ಒಂದು ಮೊಳಿ, ಒಂದು ಹಗ್ಗ.
ಕಟ್ಟಿ ಮ್ಯಾಲ ಕುಂತಿದ್ದ ಗೋರಿ ತೋಡೋ ಗಫೂರಚಾಚಾ
ಹಗ್ಗ ಇಸಕೊಂಡು, ಕಣ್ಣಳತಿಲೆ ಗಂಟು ಹಾಕಿ ಕೊಟ್ಟ:
"ತಗೋ ಬೇಟಾ, ಈ ಅಳತಿ ನನಗ ಬಾಯಿಪಾಠ."
ನಕ್ಕೆವು.
ಆವಾಗ ಇನ್ನೂ ನಗತಿದ್ದೆವು.

ಮರುದಿನ ಓಣಿಯ ಎರಡೂ ತುದಿಗೆ ಬೊಂಬು ಬಿತ್ತು.
ನಮ್ಮದೊಂದು ಸಣ್ಣ ದೇಶ ಆತು ಅಂದವು ಹುಡುಗರು:
ನೂರಾ ಹನ್ನೊಂದು ಮನಿ, ಎರಡು ಬೋರವೆಲ್ಲು,
ಒಂದು ಹಿಟ್ಟಿನ ಗಿರಣಿ,
ಗಡಿಯಾಗ ಒಬ್ಬ ಹೋಂಗಾರ್ಡು, ಅವಗೊಂದು ಮುರುಕ ಕುರ್ಚಿ.
ರೇಷನ್ ಕಾರ್ಡೇ ಪಾಸ್‌ಪೋರ್ಟು.
ಸುದ್ದಿಗೆ ಮಾತ್ರ ಬೊಂಬು ಅಡ್ಡ ಬರಲಿಲ್ಲ.
ಬಳ್ಳೊಳ್ಳಿ ತಿಂದ್ರ ಬರಂಗಿಲ್ಲಂತ.
ನಮ್ಮೂರ ಬಿಸಲಿಗೆ ಆ ಹುಳ ಸುಟ್ಟೇ ಹೋಗ್ತದಂತ.
ಬಿಸಲು ಎಲ್ಲಾ ಕೇಳಿಸಿಕೊಂಡು
ಸುಮ್ಮನಿತ್ತು.

ಆ ಬಿಸಲಾಗ ಸೊನ್ನಿಯೊಳಗ ನಿಲ್ಲೋರು ಯಾರು?
ಚಪ್ಪಲಿ ಬಿಟ್ಟರು.
ಚಪ್ಪಲಿ ಶಿಸ್ತಿನವು, ಆರಾರು ಫೂಟಿಗೆ ನಿಂತವು.
ಮಂದಿ ಗ್ವಾಡಿಯ ಗೇಣು ನೆಳ್ಳಿನಾಗ
ಭುಜಕ್ಕ ಭುಜ ಹಚ್ಚಿ
ಒಬ್ಬರ ಉಸಿರು ಒಬ್ಬರು ಕುಡಕೋತ ಕುಂತರು.

ಮಾರಿಗೆ ಮಾಸ್ಕು ಬಂದ ಮ್ಯಾಲ
ಕಾಲಿನ್ಯಾಗ ಮಂದಿ ಗುರ್ತ ಹಿಡಿಯೋದು ಕಲ್ತೆ.
ಉಂಗುಟದ ಹಂತ್ಯಾಕ ಪಿನ್ನು ಚುಚ್ಚಿದ್ದು ರುಖಿಯಾಬೀದು.
ಟೈರಿಂದು, ಸಂದಿನಾಗ ತೊಗರಿ ಹೊಟ್ಟು ಸಿಕ್ಕಿದ್ದು
ದಾಲ್‌ಮಿಲ್ ಹಮಾಲ ತಿಪ್ಪಣ್ಣಂದು.
ಒಂದು ಸೊನ್ನಿಯಾಗ ಇಟ್ಟಿಗಿ.
ಚಪ್ಪಲಿ ಇಲ್ಲದ ಸೋನಾಬಾಯಿ ಇಟ್ಟು ಹೋಗಿದ್ದು.
ಅದರ ಮ್ಯಾಲ ನನ್ನ ಹೆಸರು ಬರಿಯೋ ಅಣ್ಣಾ ಅಂದ್ಳು, ಬರದೆ.
ಆ ತಿಂಗಳು ನಾ ಬರದ ಅಕ್ಷರ ಅಷ್ಟೇ.

ಎಂಟನೇ ಸೊನ್ನಿಯಾಗ
ನೀಲಿ ಪಟ್ಟಿ ಹವಾಯಿ, ಎಡಗಾಲಿನ ಹಿಮ್ಮಡ ಸವದಿದ್ದು.
ಅಂಗಡಿ ಮುಚ್ಚಿತು. ತಂತಮ್ಮವು ಮೆಟಗೊಂಡು ಎಲ್ಲರೂ ಹೋದರು.
ಅದು ಉಳೀತು.

ಯಾರದು ಅಂತ ಓಣಿ ಪೂರಾ ಕೇಳಿತು, ಬಾಗಲ ಮುಚಗೊಂಡು.
ಆಂಬುಲೆನ್ಸಿನಾಗ ಹೋದಂವಂದು ಅಂದ್ರು ಒಬ್ಬರು.
ಅಲ್ಲ, ಲಾಠಿ ಬಂದಾಗ ಓಡಿದ ಹುಡುಗಂದು.
ಅಲ್ಲಲ್ಲ, ಹೊರಗಿನಂವ, ನಮ್ಮ ದೇಶದಂವ ಅಲ್ಲ.
ಯಾರೂ ಮುಟ್ಟಲಿಲ್ಲ.
ನಾಯಿ ಮೂಸಿ ಬಿಟ್ಟು ಹೋತು.
ಮಂದಿದೇ ಹೇಳಿದರ ಹ್ಯಾಂಗ?
ನಾನೂ ಮುಟ್ಟಲಿಲ್ಲ.

ಎಂಟು ದಿನಕ್ಕ ಸುಣ್ಣ ಮಾಸಿ ದಫೇದಾರ ಮತ್ತ ಬಂದ:
ಫೋಟೋದಾಗ ಕಾಣವಲ್ದು, ಈ ಸಲ ಒಳಗೂ ತುಂಬಿ ಬಳಿ.
ಬಳದೆ. ಒಂದು, ಎರಡು, ಏಳು.
ಎಂಟನೇದಕ್ಕ ಬಂದಾಗ ಚಪ್ಪಲಿಯ ಸುತ್ತ
ಹಸುಗೂಸಿನ ಕಿವಿ ಒರಸಿದಂಗ
ಕುಂಚ ಆಡಿಸಿದೆ.
ಮೇ ತಿಂಗಳ ಸುಂಟರಗಾಳಿ ಅದನ್ನ ಯಾವ ಕಡೆ ಒಯ್ತೋ.
ಬೆಳ್ಳನ ಸುಣ್ಣದಾಗ ಎರಡು ಕರಿ ಪಾದ ಉಳದವು,
ಅಂಗಡಿ ಕಡೆ ಮುಖ ಮಾಡಿ.

ಬೊಂಬು ಕಿತ್ತರು. ಮಳಿ ಬಂತು. ಕಲ್ಲು ಕಲ್ಲೇ ಆತು.
ಗಫೂರಚಾಚಾನ ಗಂಟು ಹಗ್ಗದಾಗ ಹಂಗೇ ಅದ, ಬಿಚ್ಚಿಲ್ಲ.
ಈಗ ಮತ್ತ ಬೋರ್ಡು ಬರೀತೀನಿ.
ಅಂಗಡಿ, ಬಂಗಾರ, ಸಂಗಮ ಅನ್ನೋ ಹೆಸರಿನಾಗ
ಸೊನ್ನಿ ಬಂದಾಗ ಒಂದು ಗಳಿಗಿ ಕೈ ತಡೀತದ.
ಒಳಗ ಯಾರರೆ ನಿಂತಾರೇನು ನೋಡಿ
ಆಮ್ಯಾಲ ಮುಚ್ಚತೀನಿ.