ಧಾರಾಳ

ಅಜ್ಜ, ನಿನ್ನ ಕೈಬರಹ ಬಲಕ್ಕೆ ವಾಲುತ್ತದೆ,
ತಿರುವಿನಲ್ಲಿ ರೈಲು ವಾಲಿದ ಹಾಗೆ.
ಹಳೇ ವೇಳಾಪಟ್ಟಿಯ ಹಾಳೆ ಕತ್ತರಿಸಿ
ಮಡಚಿದ ಪೊಟ್ಟಣ. ಒಳಗೆ ಚಿಟಿಕೆ ಕಂದು.
ಮೇಲೆ: ಸ್ಕೋರ್‌ಬು ನಿಲ್ದಾಣದಿಂದ ಎರಡು ತಾಸು ಉತ್ತರಕ್ಕೆ,
ಹಿಮ ಕರಗಿ ಜಿನುಗುವ ಕರಿಬಂಡೆ, ಬಿಸಿಲು ಬೀಳದ ಮಗ್ಗುಲು,
ಆಗಸ್ಟ್ ಒಂಬತ್ತು, ಸಾವಿರದ ಒಂಬೈನೂರ ಮೂವತ್ತೊಂದು.
ಕೊನೆಗೆ ಒಂದೇ ಪದ, ಅಡಿಗೆರೆ ಎಳೆದು:
ಧಾರಾಳ.

ಧಾರಾಳವೇ ಇದ್ದಿರಬೇಕು.
ದಿನಕ್ಕೆ ನಾಲ್ಕೇ ರೈಲು. ನಡುವೆ ನೀನು
ಹಸಿರು ಬಾವುಟ ಸುತ್ತಿಟ್ಟು, ಟೊಪ್ಪಿಗೆ ಮೊಳೆಗೆ ಸಿಕ್ಕಿಸಿ,
ಬೆಣ್ಣೆ ಸವರುವ ಚಾಕು ಜೇಬಿಗಿಳಿಸಿ ಬೆಟ್ಟ ಹತ್ತುತ್ತಿದ್ದೆ.
ಉಪ್ಸಾಲಾದ ಪ್ರೊಫೆಸರಿಗೆ ಹನ್ನೆರಡು ಪೊಟ್ಟಣ,
ವಿಯೆನ್ನಾದ ಔಷಧಿ ಅಂಗಡಿಯವನಿಗೆ ಇಪ್ಪತ್ತು,
ಡಬ್ಲಿನ್ನಿನ ಪಾದ್ರಿಗೆ, ಪಾಪ, ಕಣ್ಣು ಮಂಜೆಂದು
ದೊಡ್ಡದೇ ಒಂದು ಮೆತ್ತೆ.
ಬದಲಿಗೆ ಬಂದದ್ದು ಸುಮಾತ್ರಾದ ಹಾವಸೆ, ಪೆರುವಿನದು;
ಎಲ್ಲೂ ಹೋಗದ ನಿನಗೆ ಎಲ್ಲೆಡೆಯ ಹಸಿಕಲ್ಲು.

ಗುನ್ವೋರಜ್ಜಿ ಹೇಳುತ್ತಿದ್ದಳಂತೆ:
ಹಾವಸೆ ಇರುವುದು ದಿಮ್ಮಿಗೋಡೆಯ ಸಂದಿಗೆ ತುರುಕಲು.
ಗಾಳಿ ನಿಲ್ಲುತ್ತದೆ, ಮಗು ಕೆಮ್ಮುವುದಿಲ್ಲ.
ನಿನ್ನದೋ, ಇಲಿಬಿಲಕ್ಕೂ ಸಾಲದು.

ಇಂದು ನಾನು ಹತ್ತಿದೆ. ಮಂಡಿಗೆ ಅರವತ್ತೆರಡು.
ಮುಂದೆ ಔದ್‌ಹಿಲ್ಡ್, ಗಣತಿಗೆ ಬಂದ ಹುಡುಗಿ,
ಕೊರಳಲ್ಲಿ ಪುಟ್ಟ ಭೂತಗನ್ನಡಿ,
ಚೀಲದಲ್ಲಿ ನೀರು ಚಿಮುಕಿಸುವ ಬಾಟಲಿ.
ಎರಡು ತಾಸು ಎಂದೆಯಲ್ಲ, ಅದು ನಿನ್ನ ಕಾಲಿನ ತಾಸು;
ನಮಗೆ ನಾಲ್ಕು.
ಹಿಮದ ಹಾಸು ಮೇಲಕ್ಕೆ ಸರಿದಿದೆ,
ತೊಗಲು ಸುಲಿದಂತೆ ಬರೀ ಜಲ್ಲಿ.
ಕರಿಬಂಡೆ ಮಾತ್ರ ಅಲ್ಲೇ, ನೀನು ಬರೆದ ಹಾಗೇ.

ಅವಳು ಮಂಡಿಯೂರಿದಳು, ಕೆನ್ನೆ ಕಲ್ಲಿಗೆ ತಾಗುವಷ್ಟು.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ, ಇಲ್ಲಿದೆ, ಅಂದಳು.
ಸೀಳಿನೊಳಗೆ, ಹೆಬ್ಬೆರಳ ಉಗುರಿನಷ್ಟು.
ಮಸಿ ಹಿಡಿದ ಹಸಿರು, ತುದಿಯಲ್ಲಿ ತಾಮ್ರ,
ಪ್ರತಿ ಎಲೆಗೂ ಒಂದು ಬಿಳಿಗೂದಲು.
ಉಸಿರು ಬಿಗಿಹಿಡಿದು ನೋಡಿದೆ. ಹಿಡಿಯಬೇಕಿರಲಿಲ್ಲ;
ಬಾಯಿಯ ಹಬೆ ಅದಕ್ಕೆ ಒಳ್ಳೆಯದಂತೆ.

ಇದು ಹೆಣ್ಣು, ಅಂದಳು. ಪೂರ್ತಿ ಹೆಣ್ಣೇ.
ಗಂಡು ಬೇರೆ ಮೆತ್ತೆಯಲ್ಲಿರುತ್ತದೆ, ಅಂಗೈ ದೂರದಲ್ಲಿ,
ಒಂದು ಹನಿ ಸಿಡಿದರೆ ಈಜಿ ಬರುವಷ್ಟು.
ಸುತ್ತ ಹುಡುಕಿದಳು.
ಅಂಗೈ ದೂರದಲ್ಲಿ ಬೋಳು ಕಲ್ಲು,
ಅಂಚು ನೇರ, ಚಾಕು ಎಳೆದಷ್ಟು ನೇರ.
ಕಲ್ಲು ತಾನೇ ಚಕ್ಕೆ ಎದ್ದಿರಬಹುದು,
ಅಂದಳು, ನನ್ನ ಮುಖ ನೋಡಿ.

ಹಾಗಾದರೆ ಗಂಡು
ವಿಯೆನ್ನಾದ ಯಾವುದೋ ಕಪಾಟಿನಲ್ಲಿ,
ಮಂಜುಗಣ್ಣಿನ ಪಾದ್ರಿಯ ಪುಸ್ತಕದ ನಡುವೆ,
ನನ್ನ ಕೋಟಿನ ಜೇಬಿನಲ್ಲಿ.

ರಾತ್ರಿ ಅಡುಗೆಮನೆಯಲ್ಲಿ ಪೊಟ್ಟಣ ಬಿಚ್ಚಿ
ತಟ್ಟೆಗೆ ಕೊಡವಿದೆ. ಬಾಟಲಿ ಖಾಲಿ.
ನಿನ್ನ ಹಾಗೇ ಬೆರಳಿಗೆ ಉಗುಳು ತಾಗಿಸಿ ಒತ್ತಿದೆ.
ಎಲೆಗಳು ಒಂದೊಂದೇ ಹೊರಳಿದವು,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.
ನಿಮಿಷಕ್ಕೆಲ್ಲ ಹಸಿರು. ತೊಂಬತ್ತು ಚಿಲ್ಲರೆ ವರ್ಷ, ಅಜ್ಜ.
ಔದ್‌ಹಿಲ್ಡ್ ಕನ್ನಡಿ ಹಿಡಿದು, ಗಂಡೇ, ಅಂದಳು.
ಮತ್ತೆ, ಮೆಲ್ಲಗೆ: ಆಸೆ ಬೇಡ.
ಇದು ಜೀವವಲ್ಲ, ನೀರು.
ನೀರು ಒಳಹೊಕ್ಕರೆ ಸತ್ತದ್ದೂ ಹೀಗೇ ಅರಳುತ್ತದೆ.

ನಮೂನೆ ಹರಡಿ ಕೂತಳು.
‘ಪ್ರಮಾಣ’ ಎಂಬ ಅಂಕಣದಲ್ಲಿ
ಒಂದು ಚದರ ಸೆಂಟಿಮೀಟರ್ ಎಂದು ಬರೆದಳು.
ಪೆನ್ನು ಕಚ್ಚಿ ಯೋಚಿಸಿ
ಒಂದೂಕಾಲು ಎಂದು ತಿದ್ದಿದಳು.
ಅದೇ ಅವಳ ಧಾರಾಳ.

ಬೆಳಿಗ್ಗೆ ತಟ್ಟೆ ಒಣಗಿ, ಮತ್ತೆ ಕಂದು.
ಕಾಫಿಗಿಟ್ಟ ನೀರು ಕಾಯುವ ಮೊದಲೇ
ಒಂದು ಚಮಚ ಅದಕ್ಕೆ ಸುರಿದೆ.
ಒಂಬತ್ತರ ರೈಲು ನಿಲ್ಲದೆ ಹೋಯಿತು,
ಸ್ಕೋರ್‌ಬುವಿನಲ್ಲಿ ಈಗ ಯಾವುದೂ ನಿಲ್ಲುವುದಿಲ್ಲ.
ಕಿಟಕಿ ಅದುರಿತು,
ತಟ್ಟೆಯ ನೀರೂ.